ಪ್ರವಾಹದ ನಾಲ್ಕು ದಿನಗಳನ್ನು ಗೈರುಹಾಜರಿ ಎಂದು ಬರೆದಿದ್ದಾರೆ: ಯಾವ ರಜೆ ಕೋರಬೇಕು, ವೇತನ ಕಡಿತ ಸರಿಯೇ?

ಪ್ರಶ್ನೆ (ದ್ವಿತೀಯ ದರ್ಜೆ ಸಹಾಯಕಿ)

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ನಮ್ಮೂರಿಗೂ ಕಚೇರಿಗೂ ನಡುವಿನ ಸೇತುವೆ ನಾಲ್ಕು ದಿನ ನೀರಿನಡಿಯಲ್ಲಿತ್ತು. ಕಚೇರಿ ಇರುವುದು ಹನ್ನೊಂದು ಕಿಲೋಮೀಟರ್ ದೂರದಲ್ಲಿ, ಬೇರೆ ದಾರಿಯಿಲ್ಲ. ಮೊದಲ ದಿನ ಬೆಳಿಗ್ಗೆಯೇ ಶಾಖಾಧಿಕಾರಿಗಳಿಗೆ ವಾಟ್ಸಾಪ್‌ನಲ್ಲಿ ತಿಳಿಸಿದ್ದೆ. ಮೊದಲ ಎರಡು ದಿನ ಮನೆಯಲ್ಲೇ ಇದ್ದೆ. ನಂತರದ ಎರಡು ದಿನ ಊರಿನ ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರದಲ್ಲಿ, ಅಲ್ಲಿನ ನೋಡಲ್ ಅಧಿಕಾರಿಗಳು ಬಾಯಿಮಾತಿನಲ್ಲಿ ಹೇಳಿದಂತೆ, ಬಂದವರ ಹೆಸರು ನೋಂದಾಯಿಸುವ ಮತ್ತು ಹೊದಿಕೆ ವಿತರಣೆಯ ವಹಿ ಬರೆಯುವ ಕೆಲಸ ಮಾಡಿದೆ.

ನೀರು ಇಳಿದ ಮೇಲೆ ಕಚೇರಿಗೆ ಹೋದರೆ ಹಾಜರಾತಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ನಾಲ್ಕೂ ದಿನಕ್ಕೆ ಕೆಂಪು ಶಾಯಿಯಲ್ಲಿ ‘ಗೈ.ಹಾ.’ ಎಂದು ಬರೆದಿತ್ತು. ಎಲ್ಲ ರಜೆಗಳನ್ನೂ ರದ್ದುಪಡಿಸಿದ ಸುತ್ತೋಲೆ ಇರುವುದರಿಂದ ನಾಲ್ಕು ದಿನಕ್ಕೆ ಗಳಿಕೆ ರಜೆಯ ಅರ್ಜಿ ಕೊಡಬೇಕು, ಇಲ್ಲವಾದರೆ ವೇತನ ಕಡಿತವಾಗುತ್ತದೆ ಎಂದು ಹೇಳಿದ್ದಾರೆ. ಪರಿಹಾರ ನಿಧಿಗೆಂದು ಒಂದು ದಿನದ ವೇತನವನ್ನೂ ಹಿಡಿದಿದ್ದಾರೆ, ಅದಕ್ಕೆ ನಾನು ಒಪ್ಪಿಗೆ ಪತ್ರ ಕೊಟ್ಟಿರಲಿಲ್ಲ. ವಿಪತ್ತು ಘೋಷಣೆಯಾದರೆ ರಜೆ ಮತ್ತು ವೇತನದ ನಿಯಮಗಳೇ ಬದಲಾಗುತ್ತವೆಯೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1 (ನಿವೃತ್ತ ಲೆಕ್ಕಾಧೀಕ್ಷಕ)

ಮೇಡಂ, ಗಳಿಕೆ ರಜೆಯ ಅರ್ಜಿಯನ್ನು ಇನ್ನೂ ಕೊಟ್ಟಿಲ್ಲವಾದರೆ ಸದ್ಯಕ್ಕೆ ಕೊಡಬೇಡಿ. ನಾಲ್ಕು ದಿನಗಳನ್ನು ಒಂದೇ ಗಂಟಾಗಿ ನೋಡಿದ್ದರಿಂದಲೇ ಈ ತೊಡಕು ಬಂದಿದೆ. ಮೊದಲ ಎರಡು ದಿನ ನೀವು ಕಚೇರಿಗೆ ಬರಲಾಗದ ದಿನಗಳು; ಕೊನೆಯ ಎರಡು ದಿನ ನೀವು ಸರ್ಕಾರಿ ಕೆಲಸವನ್ನೇ ಮಾಡಿದ ದಿನಗಳು.

ಕೊನೆಯ ಎರಡು ದಿನಗಳಿಗೆ ರಜೆಯ ಪ್ರಶ್ನೆಯೇ ಏಳಬಾರದು, ಅವು ಕರ್ತವ್ಯದ ದಿನಗಳು. ಕೊರತೆ ಇರುವುದು ಲಿಖಿತ ಆದೇಶದ್ದು ಮಾತ್ರ. ವಿಪತ್ತಿನ ಗಡಿಬಿಡಿಯಲ್ಲಿ ಆದೇಶ ಬಾಯಿಮಾತಿನಲ್ಲಿ ಬರುವುದು ಸಹಜ, ಆದರೆ ವೇತನ ಬಿಲ್ಲು ಬರೆಯುವವರಿಗೆ ಕಾಗದ ಬೇಕು. ನೀವು ಬರೆದ ನೋಂದಣಿ ವಹಿಯಲ್ಲಿ ನಿಮ್ಮ ಕೈಬರಹವಿದೆ, ಬಹುಶಃ ಸಹಿಯೂ ಇರುತ್ತದೆ. ಆ ಪುಟಗಳ ದೃಢೀಕೃತ ಪ್ರತಿಯನ್ನೂ, ಇಂತಹ ದಿನಾಂಕಗಳಂದು ನೀವು ಅಲ್ಲಿ ಕರ್ತವ್ಯ ನಿರ್ವಹಿಸಿದ್ದೀರಿ ಎಂಬ ಪ್ರಮಾಣ ಪತ್ರವನ್ನೂ ನೋಡಲ್ ಅಧಿಕಾರಿಗಳಿಂದ ಪಡೆದು, ಆ ಅವಧಿಯನ್ನು ಕರ್ತವ್ಯವೆಂದು ಪರಿಗಣಿಸಲು ಕೋರಿ ಕಚೇರಿ ಮುಖ್ಯಸ್ಥರಿಗೆ ಮನವಿ ಕೊಡಿ. ನೋಡಲ್ ಅಧಿಕಾರಿಗಳು ವರ್ಗವಾಗಿ ಹೋದರೆ ಆ ಪತ್ರಕ್ಕಾಗಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ನನ್ನ ಸೇವೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಇದನ್ನೇ ಮೊದಲು ಮಾಡಿ.

ಮೊದಲ ಎರಡು ದಿನಗಳ ವಿಚಾರ ಸ್ವಲ್ಪ ಸೂಕ್ಷ್ಮ. ಕೇಂದ್ರ ಸರ್ಕಾರದ ನೌಕರರು ನೈಸರ್ಗಿಕ ವಿಕೋಪದಿಂದ ಸಂಚಾರ ಕಡಿದುಹೋಗಿ ಕಚೇರಿಗೆ ಬರಲಾಗದಿದ್ದರೆ, ಮನೆ ಕಚೇರಿಯಿಂದ ಸುಮಾರು ಐದು ಕಿಲೋಮೀಟರಿಗಿಂತ ದೂರದಲ್ಲಿದ್ದಲ್ಲಿ ವಿಶೇಷ ಸಾಂದರ್ಭಿಕ ರಜೆ ನೀಡಲು ಅವಕಾಶವಿದೆ. ಅದು ರಜೆ ಲೆಕ್ಕದಿಂದ ಕಳೆಯುವ ರಜೆಯಲ್ಲ, ವೇತನಕ್ಕೂ ಧಕ್ಕೆಯಿಲ್ಲ. ರಾಜ್ಯ ನೌಕರರು ಇದನ್ನು ತಮ್ಮ ಸರ್ಕಾರದ ಆದೇಶಗಳ ಆಧಾರದ ಮೇಲೆ ಕೇಳಬೇಕು. ಆದ್ದರಿಂದ ಆ ಎರಡು ದಿನಕ್ಕೆ ಮೊದಲು ವಿಶೇಷ ಸಾಂದರ್ಭಿಕ ರಜೆಯನ್ನು ಕೋರಿ, ಅದು ಸಿಗದಿದ್ದಲ್ಲಿ ನಿಮ್ಮ ಖಾತೆಯಲ್ಲಿರುವ ಸಾಂದರ್ಭಿಕ ರಜೆಯನ್ನು ಮಂಜೂರು ಮಾಡಬೇಕೆಂದು ಅದೇ ಪತ್ರದಲ್ಲಿ ಬರೆಯಿರಿ. ಗಳಿಕೆ ರಜೆ ಕೊನೆಯ ದಾರಿಯಾಗಿರಲಿ. ಸೇವೆಯುದ್ದಕ್ಕೂ ಕೂಡಿಟ್ಟು ನಿವೃತ್ತಿಯಲ್ಲಿ 300 ದಿನಗಳವರೆಗೆ ನಗದೀಕರಿಸಿಕೊಳ್ಳಬಹುದಾದ ರಜೆಯನ್ನು ಹೊಳೆಯ ಪಾಲು ಮಾಡಬೇಕಾದ ಅಗತ್ಯವಿಲ್ಲ.

ರಜೆ ರದ್ದತಿಯ ಸುತ್ತೋಲೆಗೂ ನಿಮ್ಮ ಪ್ರಕರಣಕ್ಕೂ ಸಂಬಂಧ ಕಡಿಮೆ. ರಜೆಯನ್ನು ಹಕ್ಕಾಗಿ ಕೇಳುವಂತಿಲ್ಲ, ಸೇವೆಯ ತುರ್ತಿದ್ದರೆ ಅದನ್ನು ನಿರಾಕರಿಸಬಹುದು ಎಂಬುದು ನಿಜ. ಆದರೆ ಕೇಂದ್ರದ 1972ರ ರಜೆ ನಿಯಮಗಳ ಪ್ರಕಾರ, ನೌಕರನು ಕೇಳಿದ ಬಗೆಯ ರಜೆಯನ್ನು ಅವನ ಲಿಖಿತ ಕೋರಿಕೆಯಿಲ್ಲದೆ ಬೇರೊಂದು ಬಗೆಗೆ ಬದಲಿಸುವ ಅಧಿಕಾರ ಮಂಜೂರು ಮಾಡುವವರಿಗಿಲ್ಲ. ಸೇತುವೆ ಮುಳುಗಿ ಬರಲಾಗದವರಿಂದ ಗಳಿಕೆ ರಜೆಯನ್ನೇ ಬರೆಸಿಕೊಳ್ಳಲು ಸುತ್ತೋಲೆ ಆಧಾರವಾಗುವುದಿಲ್ಲ.

ಉತ್ತರ 2 (ನೌಕರರ ಸಂಘದ ಪದಾಧಿಕಾರಿ)

ಹಿರಿಯರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ‘ಗೈ.ಹಾ.’ ಎಂದು ಬರೆದ ಮಾತ್ರಕ್ಕೆ ಅದು ಅನಧಿಕೃತ ಗೈರುಹಾಜರಿ ಎಂದು ತೀರ್ಮಾನವಾಗುವುದಿಲ್ಲ. ಬಾರದಿರುವುದು ಉದ್ದೇಶಪೂರ್ವಕ ಎಂದು ಸಾಬೀತಾಗದೆ ಅದನ್ನು ದುರ್ನಡತೆ ಎನ್ನಲಾಗದು, ಮೀರಲಾಗದ ಕಾರಣಗಳಿಂದ ಬಾರದಿರುವುದು ಬೇರೆಯೇ ಮಾತು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಕೆಲವರು ವಿಪತ್ತು ನಿರ್ವಹಣಾ ಅಧಿನಿಯಮ, 2005ರ 56ನೇ ಪ್ರಕರಣವನ್ನು ತೋರಿಸಿ ಹೆದರಿಸುತ್ತಾರೆ. ವಹಿಸಿದ ಕರ್ತವ್ಯವನ್ನು ನಿರಾಕರಿಸುವ ಅಧಿಕಾರಿಗೆ ಅದರಲ್ಲಿ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡವಿದೆ. ಆದರೆ ಮೇಲಧಿಕಾರಿಯ ಲಿಖಿತ ಅನುಮತಿ ಅಥವಾ ಕಾನೂನು ಒಪ್ಪುವ ಕಾರಣವಿದ್ದರೆ ಅದು ಅನ್ವಯಿಸದು ಎಂದೂ ಅದೇ ಪ್ರಕರಣ ಹೇಳುತ್ತದೆ. ನೀವಂತೂ ಕರ್ತವ್ಯಕ್ಕೆ ಬೆನ್ನು ತೋರಿಸಿದವರಲ್ಲ.

ಇನ್ನು ವೇತನ. ವಿಪತ್ತಿನ ಹೆಸರಿನಲ್ಲಿ ಸರ್ಕಾರ ವೇತನ ಹಿಡಿಯಬಹುದೇ ಎಂಬುದಕ್ಕೆ 2020ರ ಅನುಭವವೇ ಉತ್ತರ. ಕೇರಳ ಸರ್ಕಾರ ಆ ವರ್ಷ ತಿಂಗಳಿಗೆ ಆರು ದಿನಗಳಂತೆ ಐದು ತಿಂಗಳು ವೇತನ ತಡೆಹಿಡಿಯಲು ಆದೇಶಿಸಿದಾಗ, ಅದಕ್ಕೆ ಕಾನೂನಿನ ಆಧಾರ ಕಾಣುವುದಿಲ್ಲವೆಂದು ಅಲ್ಲಿನ ಹೈಕೋರ್ಟ್ ಏಪ್ರಿಲ್‌ನಲ್ಲಿ ತಡೆ ನೀಡಿತು. ಆನಂತರ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆಂಧ್ರ ಪ್ರದೇಶದಲ್ಲಿ ಮಾರ್ಚ್ ಮತ್ತು ಏಪ್ರಿಲ್ ತಿಂಗಳ ವೇತನ, ಪಿಂಚಣಿಗಳ ಒಂದು ಭಾಗವನ್ನು ಮುಂದೂಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೈಕೋರ್ಟ್ ವಿಧಿಸಿದ್ದ ಶೇ. 12ರ ಬಡ್ಡಿಯನ್ನು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಶೇ. 6ಕ್ಕೆ ಇಳಿಸಿತಾದರೂ, ಮಾಡಿದ ಸೇವೆಯ ವೇತನ ನೌಕರರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಎಂಬುದನ್ನು ಎತ್ತಿಹಿಡಿಯಿತು. ಸಂವಿಧಾನದ 360ನೇ ವಿಧಿಯ ಹಣಕಾಸಿನ ತುರ್ತುಪರಿಸ್ಥಿತಿಯಲ್ಲಿ ಮಾತ್ರ ನೌಕರರ ವೇತನ ಇಳಿಸಲು ನೇರ ನಿರ್ದೇಶನ ಕೊಡಬಹುದು, ಅದನ್ನು ದೇಶದಲ್ಲಿ ಇದುವರೆಗೆ ಒಮ್ಮೆಯೂ ಘೋಷಿಸಿಲ್ಲ. ತುಟ್ಟಿಭತ್ಯೆಯ ಮಾತು ಬೇರೆ: ಕೇಂದ್ರ ಸರ್ಕಾರ 2020ರ ಜನವರಿಯಿಂದ ಸಲ್ಲಬೇಕಿದ್ದ ಮೂರು ಕಂತುಗಳನ್ನು ತಡೆಹಿಡಿದು, 2021ರ ಜುಲೈನಿಂದ ದರವನ್ನು ಶೇ. 28ಕ್ಕೆ ಏರಿಸಿತು, ಹಿಂದಿನ ಬಾಕಿಯನ್ನು ಕೊಡಲಿಲ್ಲ. ಆ ನೋವು ಇನ್ನೂ ಆರಿಲ್ಲ.

ಪರಿಹಾರ ನಿಧಿಗೆ ಕೊಡುವುದು ದೇಣಿಗೆ. ನಮ್ಮ ಸಂಘವೂ ಸದಸ್ಯರಲ್ಲಿ ಮನಃಪೂರ್ವಕವಾಗಿ ವಿನಂತಿಸುತ್ತದೆ, ಕೊಡುವವರೇ ಹೆಚ್ಚು. ಆದರೆ ಒಪ್ಪಿಗೆಯಿಲ್ಲದೆ ಹಿಡಿದರೆ ಅದು ದೇಣಿಗೆಯಾಗುವುದಿಲ್ಲ. ಕಡಿತಕ್ಕೆ ಆಧಾರವಾದ ಆದೇಶದ ಪ್ರತಿಯನ್ನು ವೇತನ ಬಟವಾಡೆ ಅಧಿಕಾರಿಗಳಿಂದ ಲಿಖಿತವಾಗಿ ಕೇಳಿ. ಒಪ್ಪದವರು ಇಂತಿಷ್ಟು ದಿನದೊಳಗೆ ತಿಳಿಸಬೇಕೆಂಬ ಷರತ್ತು ಅದರಲ್ಲಿದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಮನವಿ ಬರೆಯಿರಿ.

ಉತ್ತರ 3 (ಹೊರಗುತ್ತಿಗೆ ಡಾಟಾ ಎಂಟ್ರಿ ಆಪರೇಟರ್)

ನಮಗೆ ಗಳಿಕೆ ರಜೆಯೂ ಇಲ್ಲ, ವಿಶೇಷ ರಜೆಯೂ ಇಲ್ಲ. ಅದೇ ನಾಲ್ಕು ದಿನ ನನಗೂ ಕಚೇರಿ ತಲುಪಲಾಗಲಿಲ್ಲ, ಏಜೆನ್ಸಿಯವರು ನಾಲ್ಕು ದಿನದ ಸಂಬಳ ಕೊಡಲಿಲ್ಲ. ನಮ್ಮಂಥವರಿಗೆ ಏನಾದರೂ ಆಧಾರವಿದೆಯೇ?

ಉತ್ತರ 4 (ನಿವೃತ್ತ ಲೆಕ್ಕಾಧೀಕ್ಷಕ)

ತಮ್ಮಾ, ನಿಮ್ಮ ಸ್ಥಿತಿ ಕಷ್ಟದ್ದೇ. ಕೇಂದ್ರ ಹಣಕಾಸು ಸಚಿವಾಲಯ 2020ರ ಮಾರ್ಚ್ 23ರಂದು, ಲಾಕ್‌ಡೌನ್‌ನಿಂದ ಮನೆಯಲ್ಲಿ ಉಳಿದ ಗುತ್ತಿಗೆ ಮತ್ತು ಹೊರಗುತ್ತಿಗೆ ಸಿಬ್ಬಂದಿಯನ್ನು ಕರ್ತವ್ಯದಲ್ಲಿದ್ದಾರೆಂದೇ ಪರಿಗಣಿಸಿ ವೇತನ ಕೊಡಬೇಕೆಂದು ಆದೇಶಿಸಿತ್ತು. ಅದು ಕೇಂದ್ರದ ಕಚೇರಿಗಳಿಗೆ, ಆ ಅವಧಿಗೆ ಮಾತ್ರ. ಇಂದಿಗೆ ನೀವು ಅದನ್ನು ಹಕ್ಕಾಗಿ ತೋರಿಸಲಾಗದು, ಮಾದರಿಯಾಗಿ ತೋರಿಸಬಹುದು. ಏಜೆನ್ಸಿಗೆ ಬಿಲ್ಲು ಪಾವತಿಯಾಗುವುದು ಕಚೇರಿ ದೃಢೀಕರಿಸಿದ ಹಾಜರಾತಿಯ ಮೇಲೆ. ಹಾಗಾಗಿ ಮನವಿಯನ್ನು ಏಜೆನ್ಸಿಗೆ ಮಾತ್ರ ಕೊಡದೆ ಕಚೇರಿ ಮುಖ್ಯಸ್ಥರಿಗೂ ಕೊಟ್ಟು, ಎರಡಕ್ಕೂ ಸ್ವೀಕೃತಿ ಪಡೆಯಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂದು ಶಾಲೆಗೆ ಹೋಗಿ ವಿಚಾರಿಸಿದೆ. ನೋಂದಣಿ ವಹಿ ತಾಲ್ಲೂಕು ಕಚೇರಿ ಸೇರಿದೆಯಂತೆ, ನೋಡಲ್ ಅಧಿಕಾರಿಗಳು ಇನ್ನೂ ಇಲ್ಲೇ ಇದ್ದಾರೆ, ನಾಳೆ ಬರಲು ಹೇಳಿದ್ದಾರೆ. ಮೊದಲ ದಿನ ಬೆಳಿಗ್ಗೆ ನಾನು ಕಳುಹಿಸಿದ ವಾಟ್ಸಾಪ್ ಸಂದೇಶವನ್ನೂ, ಸೇತುವೆಯ ಕಂಬಿಗಳ ಮೇಲೆ ನೀರು ಹರಿಯುತ್ತಿದ್ದ ಫೋಟೊವನ್ನೂ ಮುದ್ರಿಸಿ ಮನವಿಗೆ ಲಗತ್ತಿಸುತ್ತಿದ್ದೇನೆ. ಎರಡೆರಡು ದಿನಗಳನ್ನು ಬೇರೆ ಮಾಡಿ ಎರಡು ಪತ್ರ ಬರೆದಿದ್ದೇನೆ, ಸೋಮವಾರ ಟಪಾಲು ಶಾಖೆಯಲ್ಲಿ ಕೊಡುತ್ತೇನೆ.