ಕೆಜಿಎಫ್ ಚರ್ಚಿನ 1934ರ ಜ್ಞಾನಸ್ನಾನ ದಾಖಲೆ: ಮೈಸೂರಿಗೆ ಬರೆಯಬೇಕಾ, ಬೆಂಗಳೂರಿಗಾ?

ಸಿದ್ದಾಪುರದವ:
1934ರ ಸುಮಾರಿಗೆ ಕೆಜಿಎಫ್‌ನ ಕ್ಯಾಥೊಲಿಕ್ ಚರ್ಚಿನಲ್ಲಿ ಜ್ಞಾನಸ್ನಾನ (ಬ್ಯಾಪ್ಟಿಸಂ) ಆಗಿ, ಆಮೇಲೆ ಇಲ್ಲಿ ಕೊಡಗಿನ ಕಾಫಿ ತೋಟದ ಲೈನ್‌ಮನೆಗೆ (ಕೂಲಿಯವರ ಸಾಲುಮನೆಗೆ) ಬಂದವರೊಬ್ಬರ ದಾಖಲೆ ಬೇಕು. ಹೆಸರು ಚಿನ್ನಪ್ಪ, ತಂದೆ ರಾಯಪ್ಪ. ಆಗ ಕೋಲಾರ ಮೈಸೂರು ಧರ್ಮಪ್ರಾಂತ್ಯದಲ್ಲಿತ್ತಂತೆ (ಅಂದರೆ ಮೈಸೂರು ಬಿಷಪ್ಪರ ಆಡಳಿತದಲ್ಲಿ). ಪುಸ್ತಕಗಳು ಮೈಸೂರಿನಲ್ಲೇ ಇವೆಯಾ?

ಹಳೇ ರಿಜಿಸ್ಟರ್:
ಇಲ್ಲ. 1940ರಲ್ಲಿ ಬೆಂಗಳೂರು ಧರ್ಮಪ್ರಾಂತ್ಯ ಬೇರೆಯಾದಾಗ ಕೆಜಿಎಫ್ ಅತ್ತ ಹೋಯಿತು, ಕೊಡಗು ಮೈಸೂರಿನಲ್ಲೇ ಉಳಿಯಿತು. ಅದಕ್ಕೇ ನಮ್ಮವರಿಗೆ ಈ ಗೊಂದಲ. ಹೇಗಿದ್ದರೂ ಜ್ಞಾನಸ್ನಾನದ ಪುಸ್ತಕ ಇರಬೇಕಾದ್ದು ಸ್ನಾನ ಕೊಟ್ಟ ಚರ್ಚಿನಲ್ಲಿ, ಬಿಷಪ್ಪರ ಮನೆಯಲ್ಲಲ್ಲ.

ಮೊದಲು ಯಾವ ಗಣಿ ಅಂತ ಕೇಳಿ. 1880ರಿಂದ ಜಾನ್ ಟೇಲರ್ ಕಂಪನಿಯವರು ನಡೆಸಿದ್ದು ಒಂದೇ ಗಣಿಯಲ್ಲ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಲ್ಲ ಬೇರೆಬೇರೆ, ಕೂಲಿ ಲೈನುಗಳೂ ಆಯಾ ಗಣಿಯ ಮಗ್ಗುಲಲ್ಲೇ. ಗಣಿ ಗೊತ್ತಾದರೆ ಚರ್ಚು ಅರ್ಧ ಗೊತ್ತಾದ ಹಾಗೆ. ಈಗಿನ ಧರ್ಮಕೇಂದ್ರ (ಪ್ಯಾರಿಷ್) ಆಮೇಲೆ ಹುಟ್ಟಿದ್ದಾದರೆ, ಅದು ಯಾವ ಹಳೆಯ ಚರ್ಚಿನಿಂದ ಬೇರೆಯಾಯಿತೋ ಆ ತಾಯಿ ಚರ್ಚಿನ ಪುಸ್ತಕ ನೋಡಬೇಕು. ಆಂಗ್ಲಿಕನ್, ಮೆಥಡಿಸ್ಟ್ ಪುಸ್ತಕಗಳು ಬೇರೆಯೇ. ಅಲ್ಲಿ ಹುಡುಕಿ ಕಾಲ ಕಳೆಯಬೇಡಿ.

ಅಮ್ಮತ್ತಿ ಕಡೆಯವಳು:
ಚಿನ್ನಪ್ಪ ಅಂದ ಕೂಡಲೇ ನಮ್ಮ ಕಡೆಯ ಹೆಸರು ಅನಿಸುತ್ತದೆ, ಅಲ್ವಾ? ತಮಿಳು ಕ್ಯಾಥೊಲಿಕರಲ್ಲಿ ಚಿನ್ನಪ್ಪ ಅಂದರೆ ಸಂತ ಪೌಲ, ರಾಯಪ್ಪ ಅಂದರೆ ಪೇತ್ರ, ಅರುಳಪ್ಪ ಅಂದರೆ ಯೊವಾನ್ನ, ಸವರಿಮುತ್ತು ಅಂದರೆ ಕ್ಸೇವಿಯರ್. ಪುಸ್ತಕ ಲ್ಯಾಟಿನ್‌ನಲ್ಲಿದ್ದರೆ ‘ಪೌಲುಸ್, ಪೇತ್ರುಸ್‌ನ ಮಗ’ ಅಂತಿರಬಹುದು. ಸೂಚಿಯಲ್ಲಿ ‘ಸಿ’ ಅಕ್ಷರ ಮಾತ್ರ ನೋಡಿ ‘ಸಿಗಲಿಲ್ಲ’ ಅಂತ ಉತ್ತರ ಬರುವುದು ಹೀಗೆಯೇ. ಪತ್ರದಲ್ಲಿ ಎರಡೂ ರೂಪ ಬರೆಯಿರಿ, ತಾಯಿಯ ಹೆಸರು ತಪ್ಪದೆ ಹಾಕಿ.

ಇನ್ನೊಂದು ಎಡವಟ್ಟು ತಿಂಗಳಿನದು. ಹಳೆಯ ಬರವಣಿಗೆಯಲ್ಲಿ ‘7ಬ್ರಿಸ್’ ಅಂದರೆ ಜುಲೈ ಅಲ್ಲ, ಸೆಪ್ಟೆಂಬರ್. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ‘ನಾತುಸ್’ ಹುಟ್ಟಿದ ದಿನ, ‘ಬಾಪ್ತಿಜಾತುಸ್’ ಸ್ನಾನದ ದಿನ. ಆಧಾರ್‌ನಲ್ಲಿರುವ ವರ್ಷ ನಂಬದೆ ಹಿಂದೆ ಮುಂದೆ ಮೂರು ವರ್ಷ ನೋಡಲು ಕೇಳಿ.

ಹಳೇ ರಿಜಿಸ್ಟರ್:
ಅದಕ್ಕಿಂತ ಹತ್ತಿರದ ದಾರಿ ಇದೆ. ಅವರ ಮದುವೆ ಕೊಡಗಿನ ಚರ್ಚಿನಲ್ಲಾಗಿದ್ದರೆ ಇಲ್ಲಿನ ವಿವಾಹ ಪುಸ್ತಕ ತೆಗೆಸಿ. ಮದುವೆಯ ಸುದ್ದಿಯನ್ನು ಜ್ಞಾನಸ್ನಾನವಾದ ಚರ್ಚಿಗೆ ಕಳಿಸಿ ಅಲ್ಲಿನ ಪುಸ್ತಕದ ಅಂಚಿನಲ್ಲಿ ಬರೆಸುವ ನಿಯಮ 1908ರಿಂದಲೇ ಇದೆ. ಹಾಗಾಗಿ ಸ್ನಾನವಾದ ಊರು, ಚರ್ಚು ಇಲ್ಲಿನ ಕಾಗದದಲ್ಲಿ ಸಿಗುವ ಸಂಭವ ಹೆಚ್ಚು. ಆಮೇಲೆ ನಿಮ್ಮ ಫಾದರ್ ಕೈಯಲ್ಲೇ ಸೀಲು ಹಾಕಿಸಿ ಪತ್ರ ಕಳಿಸಿ.

ಎಲ್ಲೂ ಸಿಗದಿದ್ದರೆ, ಸ್ನಾನವನ್ನು ಕಂಡ ನಂಬಲರ್ಹ ಒಬ್ಬ ಸಾಕ್ಷಿಯ ಹೇಳಿಕೆ ಸಾಕು. ಜ್ಞಾನಪಿತ (ಗಾಡ್‌ಫಾದರ್) ಬದುಕಿದ್ದರೆ ಒಳ್ಳೆಯದು.

ಸಿದ್ದಾಪುರದವ:
ಗಣಿಯ ಹೆಸರು ನೆನಪಿಲ್ಲವಂತೆ. ‘ರೈಲು ಮುಂದಕ್ಕೆ ಹೋಗದ ಊರು’ ಅನ್ನುತ್ತಾರೆ.

ಅಮ್ಮತ್ತಿ ಕಡೆಯವಳು:
ಹಾಗಾದರೆ ಮಾರಿಕುಪ್ಪಂ. ಬಂಗಾರಪೇಟೆಯಿಂದ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿದರೆ ಅದೇ ಕೊನೆಯ ಸ್ಟೇಷನ್. ಅಲ್ಲಿಗೇ ಮೊದಲು ಬರೆಯಿರಿ, ಚಾಂಪಿಯನ್ ರೀಫ್ಸ್ ಆಮೇಲೆ.