ಚರ್ಚ್ ಯೂತ್ ಗ್ರೂಪಿಂದ ವರ್ಷಪೂರ್ತಿ ಮಾಡೋ ಅಂಥ ಸೇವೆ ಏನಿದೆ? ಅನುಭವ ಇರೋರು ಹೇಳಿ

ಮೈಸೂರು ಯೂತ್ ಸೆಕ್ರೆಟರಿ:
ಎಲ್ಲರಿಗೂ ವಂದನೆಗಳು. ಮೈಸೂರಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಯೂತ್ ಸೆಕ್ರೆಟರಿ ನಾನು, ಜೂನಿಂದ ಜವಾಬ್ದಾರಿ ನನ್ನ ಮೇಲೆ ಬಂದಿದೆ. ಲಿಸ್ಟಲ್ಲಿ 34 ಹೆಸರು, ಬರೋರು ಹದಿನೈದೋ ಹದಿನಾರೋ, ಅದರಲ್ಲಿ ಅರ್ಧ ಪಿಯುಸಿ ಮಕ್ಕಳು. ಪ್ರತಿ ವರ್ಷ ಮಾಡೋದು ಒಂದೇ, ಡಿಸೆಂಬರಲ್ಲಿ ಮನೆ ಮನೆಗೆ ಕ್ರಿಸ್‌ಮಸ್ ಹಾಡು ಹಾಡ್ತಾ ಕ್ಯಾರಲ್ ರೌಂಡ್ಸ್ ಹೋಗಿ ಬಂದ ಕಾಣಿಕೆಯಲ್ಲಿ ಕಂಬಳಿ, ಕೇಕ್, ಹಣ್ಣು ತಗೊಂಡು ಒಂದು ವೃದ್ಧಾಶ್ರಮಕ್ಕೆ ಹೋಗ್ತೀವಿ, ನಾಲ್ಕು ಹಾಡು ಹಾಡ್ತೀವಿ, ಪಾಸ್ಟರ್ ಅಯ್ಯನವರು ಪ್ರಾರ್ಥನೆ ಮಾಡ್ತಾರೆ, ಗ್ರೂಪ್ ಫೋಟೋ ತೆಗೆಸ್ಕೊಂಡು ವಾಪಸ್. ಕಳೆದ ಸಲ ಅಲ್ಲಿ ಒಬ್ಬ ಅಜ್ಜಿ ನನ್ನ ಕೈ ಹಿಡ್ಕೊಂಡು "ಮತ್ತೆ ಯಾವಾಗ ಬರ್ತೀಯ ಮಗಾ" ಅಂದ್ರು. ಬೇಗ ಬರ್ತೀನಿ ಅಜ್ಜಿ ಅಂದೆ. ಏಳು ತಿಂಗಳಾಯ್ತು, ಹೋಗಿಲ್ಲ. ಅದು ಮನಸ್ಸಲ್ಲಿ ಕೊರೀತಾನೇ ಇದೆ. ಈ ವರ್ಷ ಹಂಗಾಗಬಾರದು. ಕೈಯಲ್ಲಿರೋದು ಹನ್ನೆರಡು ಸಾವಿರ ರೂಪಾಯಿ, ತಿಂಗಳಿಗೆ ಒಂದೆರಡು ಶನಿವಾರ. ಏನು ಮಾಡಬಹುದು, ಯಾರನ್ನ ಕೇಳಬೇಕು, ದಯವಿಟ್ಟು ತಿಳಿಸಿ.

ನರ್ಸ್ ಆಂಟಿ:
ಮಗಾ, ಹತ್ತು ವರ್ಷ ವೃದ್ಧಾಶ್ರಮದಲ್ಲೇ ಕೆಲಸ ಮಾಡಿದೀನಿ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ. ಡಿಸೆಂಬರ್ 10 ದಾಟಿದ್ರೆ ನಮ್ಮಲ್ಲಿ ದಿನಕ್ಕೆ ಎರಡು ಮೂರು ಗುಂಪು, ಎಲ್ಲರ ಕೈಲೂ ಕೇಕ್. ಶುಗರ್ ಇರೋರಿಗೆ ಬೇಡ ಅಂದ್ರೂ ತಿಂದ್ಬಿಡ್ತಾರೆ, ಮಾರನೇ ದಿನ ನಾವು ಒದ್ದಾಡೋದು. ಕಂಬಳಿ ಸ್ಟೋರ್ ರೂಮಲ್ಲಿ ಸೂರು ಮುಟ್ತಿರುತ್ತೆ. ಫೆಬ್ರವರಿ ಬಂದ್ರೆ ಒಬ್ಬರೂ ಗೇಟ್ ದಾಟಲ್ಲ. ಬೇಜಾರು ಮಾಡ್ಕೋಬೇಡ, ಪ್ರೀತಿಯಿಂದಾನೇ ತರ್ತೀರ, ಗೊತ್ತು. ಆದ್ರೆ ಏನು ತರೋಣ ಅಂತ ಮೊದಲೇ ಒಂದು ಫೋನ್ ಮಾಡೋರು ನೂರರಲ್ಲಿ ಒಬ್ಬರೂ ಇಲ್ಲ. ಕೇಳಿದ್ರೆ ನಾವು ಹೇಳೋದು ದೊಡ್ಡೋರ ಡೈಪರ್, ಹಾಸಿಗೆಗೆ ಹಾಕೋ ರಬ್ಬರ್ ಶೀಟ್, ಫಿನಾಯಿಲ್, ಕೊಬ್ಬರಿ ಎಣ್ಣೆ. ಹನ್ನೆರಡು ಸಾವಿರನ ಒಂದೇ ದಿನ ಖಾಲಿ ಮಾಡದೆ ತಿಂಗಳಿಗೆ ಸಾವಿರದ ಹಾಗೆ ಕೊಟ್ರೆ ನಮಗೆ ಎಷ್ಟೋ ಅನುಕೂಲ.

ದುಡ್ಡಿಗಿಂತ ಜನ ಬೇಕು. ಉಗುರು ಕತ್ತರಿಸೋಕೆ, ತಾತಂದಿರಿಗೆ ಶೇವ್ ಮಾಡೋಕೆ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದಾಗ ಚೀಟಿ ಕ್ಯೂನಲ್ಲಿ ನಿಲ್ಲೋಕೆ. ನವೆಂಬರಲ್ಲಿ ಪೆನ್ಷನ್ ಇರೋರು ಬದುಕಿದೀನಿ ಅಂತ ಸರ್ಟಿಫಿಕೇಟ್ ಕೊಡಬೇಕಲ್ಲ, ಕೆಲಸ ಮಾಡಿ ಮಾಡಿ ಬೆರಳು ಸವೆದು ಹೋಗಿರೋರ ಬೆರಳಚ್ಚನ್ನ ಮೆಷಿನ್ ತಗೊಳ್ಳೋದೇ ಇಲ್ಲ. ಈಗ ಜೀವನ್ ಪ್ರಮಾಣ್, ಅಂದ್ರೆ ಅದೇ ಸರ್ಟಿಫಿಕೇಟಿನ ಆನ್‌ಲೈನ್ ರೂಪ, ಮೊಬೈಲಲ್ಲೇ ಮುಖ ತೋರಿಸಿ ಮಾಡಬಹುದು, ನಿಮ್ಮ ಪಿಯುಸಿ ಮಕ್ಕಳಿಗೆ ಹತ್ತು ನಿಮಿಷದ ಕೆಲಸ, ಅವರಿಗೆ ಅದು ಒಂದು ವರ್ಷದ ಪೆನ್ಷನ್. ಓಟಿಪಿ ಬಂದಾಗ ಮಾತ್ರ ಆಶ್ರಮದವರು ಒಬ್ಬರು ಪಕ್ಕದಲ್ಲಿ ಇರಲೇಬೇಕು, ಮುಂದೆ ಯಾರೂ ನಿಮ್ಮ ಮೇಲೆ ಮಾತು ತರಬಾರದು.

ಇನ್ನೊಂದು. ಮಕ್ಕಳ ಹೋಮ್‌ಗೆ ಹೋದ್ರೆ ಮಕ್ಕಳ ಮುಖ ಕಾಣೋ ಫೋಟೋ ಸ್ಟೇಟಸ್‌ಗೆ ಹಾಕಲೇಬೇಡಿ. 2015ರ ಬಾಲನ್ಯಾಯ ಕಾಯ್ದೆ ಸೆಕ್ಷನ್ 74ರ ಪ್ರಕಾರ ಆ ಮಕ್ಕಳ ಗುರುತು ಬಯಲು ಮಾಡೋದು ಅಪರಾಧ. ಕಾನೂನು ಹಂಗಿರಲಿ, ಆ ಮಗು ನಾಳೆ ಕಾಲೇಜಿಗೆ ಹೋಗುತ್ತೆ, ಅದರ ಕ್ಲಾಸಲ್ಲಿ ಯಾರದೋ ಮೊಬೈಲಲ್ಲಿ ಆ ಫೋಟೋ ಇರುತ್ತೆ.

ಕುಡ್ಲದಿಂದ:
ನಮ್ಮದು ಮಂಗಳೂರು ಕಡೆ ಕೆಥೋಲಿಕ್ ಇಗರ್ಜಿ, ಐಸಿವೈಎಂ ಅಂತ ಕೆಥೋಲಿಕ್ ಯುವಜನರ ಸಂಘ ಉಂಟು. ನಾವು ರಕ್ತದಾನ ಕ್ಯಾಂಪ್ ಮಾಡುವುದು. ಮೊದಲು ಒಂದೇ ದಿನ ದೊಡ್ಡ ಕ್ಯಾಂಪ್ ಮಾಡಿ ಬ್ಯಾನರ್ ಹಾಕ್ತಿದ್ದೆವು, ಬ್ಲಡ್ ಬ್ಯಾಂಕಿನವರೇ ಹೇಳಿದ್ರು, ಪ್ಲೇಟ್‌ಲೆಟ್ ಐದೇ ದಿನ ಇಡ್ಲಿಕ್ಕೆ ಆಗುವುದು ಮಾರಾಯ್ರೆ, ಎಲ್ಲರೂ ಒಂದೇ ದಿನ ಕೊಟ್ರೆ ಡೆಂಗ್ಯೂ ಸಮಯದಲ್ಲಿ ಏನು ಮಾಡುವುದು ಅಂತ. ಈಗ ವಾಡೊ ವಾಡೊ (ಇಗರ್ಜಿಯ ಒಂದೊಂದು ವಾರ್ಡ್) ಗುರ್ಕಾರರ, ಅಂದ್ರೆ ವಾರ್ಡಿನ ಮುಖಂಡರ ಹತ್ರ ಬ್ಲಡ್ ಗ್ರೂಪ್ ಸಮೇತ ಲಿಸ್ಟ್ ಉಂಟು, ಸರದಿ ಮೇಲೆ ಕಳಿಸ್ತೇವೆ. 18 ವರ್ಷ ಆಗಿರಬೇಕು, 45 ಕೆಜಿ ತೂಕ, ಹಿಮೋಗ್ಲೋಬಿನ್ 12.5, ಗಂಡಸರು ಮೂರು ತಿಂಗಳಿಗೆ ಹೆಂಗಸರು ನಾಲ್ಕು ತಿಂಗಳಿಗೆ ಒಮ್ಮೆ. ತಪಸ್ಸು ಕಾಲದಲ್ಲಿ ಉಪವಾಸ ಇದ್ದವರನ್ನ ಕಳಿಸ್ಬೇಡಿ, ನಮ್ಮಲ್ಲಿ ಒಬ್ಬ ಗುಡ್ ಫ್ರೈಡೇ ಹಿಂದಿನ ದಿನ ಖಾಲಿ ಹೊಟ್ಟೆಯಲ್ಲಿ ಕೊಟ್ಟು ಅಲ್ಲೇ ತಲೆ ತಿರುಗಿ ಬಿದ್ದ. ಏಪ್ರಿಲ್ ಮೇ ಕಾಲೇಜು ರಜೆ, ಆಗ ಕೊಡುವವರು ಕಮ್ಮಿ, ಆ ಸಮಯ ಹಿಡಿರಿ.

ಬೆಟಗೇರಿ ತಮ್ಮ:
ಅಣ್ಣಾ, ನಮ್ಮ ಗದಗ-ಬೆಟಗೇರಿ ಕಡೆ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿಂದ ಬಂದ ಕ್ರೈಸ್ತ ಮಿಷನ್, ಅದರಾಗ ಜರ್ಮನ್ನರು ಭಾಳ ಇದ್ರು) ಕಾಲದಿಂದ ಸಾಲಿ, ದವಾಖಾನಿ ಕೆಲಸ ಅಂದ್ರ ಸಭಾದವರಿಗೆ ಹೊಸಾದಲ್ಲ, ಈಗೂ ಮಂದಿ ಜರ್ಮನ್ ದವಾಖಾನಿ ಅಂತಾನ ಅಂತಾರ. ಆದ್ರ ಈಗಿನ ದಿನದಾಗ ಚರ್ಚಿನ ಹುಡುಗ್ರು ಓಣಿಗೆ ಬಂದ್ರ ಮತಾಂತರಕ್ಕ ಬಂದಾರ ಅಂತ ಯಾರರ ಒಬ್ರು ಅಂದ ಅಂತಾರ. ನಮಗೂ ಆತು. ಸರ್ಕಾರಿ ಸಾಲಿಯೊಳಗ ಸಂಜಿಗೆ ಗಣಿತ ಹೇಳಿಕೊಡಾಕ ಹೊಂಟಿದ್ವಿ, ಎರಡನೇ ವಾರಕ್ಕ ನಾಕು ಮಂದಿ ಬಂದು ನಿಲ್ಲಿಸಿದ್ರು. ತಪ್ಪು ನಮ್ಮದೂ ಇತ್ತು, ಹೆಡ್‌ಮಾಸ್ತರಿಗೆ ಬಾಯಿಮಾತಿನಾಗ ಹೇಳಿದ್ವಿ ಅಷ್ಟ. ಆಮೇಲೆ ಎಸ್‌ಡಿಎಂಸಿ (ಸಾಲಿ ನೋಡ್ಕೊಳ್ಳೋ ಪಾಲಕರ ಸಮಿತಿ) ಅಧ್ಯಕ್ಷರ ಮನಿಗೇ ಹೋಗಿ ಕುಂತು ಮಾತಾಡಿ, ಪತ್ರ ಕೊಟ್ಟು, ಓಣಿಯಾಗಿನ ಬ್ಯಾರೆ ಹುಡುಗ್ರನ್ನೂ ಕಲಿಸಾಕ ಕರಕೊಂಡ್ವಿ. ಪಾಠದ ಹೊತ್ತಿನ್ಯಾಗ ಹಾಡು, ಪ್ರಾರ್ಥನಿ, ಪುಸ್ತಕ ಹಂಚೂದು ಏನೂ ಇಲ್ಲ ಅಂತ ನಾವ ಮೊದಲ ಹೇಳಿಬಿಟ್ವಿ. ಅದಕ್ಕ ನಮ್ಮ ಸಭಾ ಹಿರಿಯರೊಬ್ರು ಸಿಟ್ಟಾದ್ರು, ಹಂಗಾದ್ರ ಯಾಕ ಹೋಗೂದು ಅಂದ್ರು. ಭಾಗಾಕಾರ ಬರಲಾರದ ಹುಡುಗಿಗೆ ಭಾಗಾಕಾರ ಬರಲಿ ಅಂತ ಹೋಗೂದ್ರಿ ಅಂದೆ. ಈಗ ಮೂರನೇ ವರ್ಷ ನಡದೈತಿ, ಅವತ್ತು ನಿಲ್ಲಿಸಿದವ್ರೊಳಗ ಒಬ್ರ ಮಗಾನೂ ಬರ್ತಾನ.

ಬೆಂಗಳೂರು ಯೂತ್:
ಪಿಯುಸಿ ಮಕ್ಕಳಿದ್ದಾರೆ ಅಂದ್ರಲ್ಲ, ಅಂಧ ವಿದ್ಯಾರ್ಥಿಗಳಿಗೆ ಸ್ಕ್ರೈಬ್ ಆಗಿ, ಅಂದ್ರೆ ಅವರು ಬಾಯಲ್ಲಿ ಹೇಳಿದ ಉತ್ತರ ಬರೆಯೋರಾಗಿ ಪರೀಕ್ಷೆಗೆ ಕಳಿಸಿ. ಒಂದು ರೂಪಾಯಿ ಖರ್ಚಿಲ್ಲ. 2018ರ ಕೇಂದ್ರದ ಮಾರ್ಗಸೂಚಿಯಲ್ಲಿ ಅಭ್ಯರ್ಥಿನೇ ಸ್ಕ್ರೈಬ್ ಕರ್ಕೊಂಡು ಬಂದ್ರೆ ಸ್ಕ್ರೈಬ್ ಓದು ಅಭ್ಯರ್ಥಿಗಿಂತ ಒಂದು ಹಂತ ಕಮ್ಮಿ ಇರಬೇಕು ಅಂತಿತ್ತು, 2025ರಲ್ಲಿ ಹೊಸ ಮಾರ್ಗಸೂಚಿ ಬಂದಿದೆ, ಅದಕ್ಕೆ ಆಯಾ ಯೂನಿವರ್ಸಿಟಿನ ಒಂದ್ಸಲ ಕೇಳ್ಕೊಳ್ಳಿ. ಗಂಟೆಗೆ 20 ನಿಮಿಷ ಹೆಚ್ಚುವರಿ ಸಿಗೋದರಿಂದ ಮೂರು ಗಂಟೆ ಪೇಪರ್ ನಾಲ್ಕು ಗಂಟೆ ಆಗುತ್ತೆ, ಕೈ ನೋಯುತ್ತೆ, ಮೊದಲೇ ಹೇಳಿರಿ. ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು, ಪಾಪ ತಪ್ಪು ಹೇಳ್ತಿದ್ದಾರೆ ಅಂತ ತಿದ್ದೋ ಹಾಗಿಲ್ಲ. ಒಂದು ವಿಷಯ ಮಾತ್ರ ಕಟ್ಟುನಿಟ್ಟು, ಒಪ್ಕೊಂಡ ಮೇಲೆ ಹಿಂದಿನ ರಾತ್ರಿ "ಸಾರಿ ಬರೋಕಾಗಲ್ಲ" ಅಂತ ಮೆಸೇಜ್ ಹಾಕಿದ್ರೆ ಅವರ ಪೇಪರ್ ಹೋಗುತ್ತೆ. ಅದಕ್ಕೆ ಪ್ರತಿ ಪರೀಕ್ಷೆಗೂ ನಾವು ಇನ್ನೊಬ್ಬರನ್ನ ರೆಡಿ ಇಟ್ಟಿರ್ತೀವಿ.

ಮೈಸೂರು ಯೂತ್ ಸೆಕ್ರೆಟರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಆರಾಧನೆ ಆದ್ಮೇಲೆ ಕೂತು ಮಾತಾಡಿದ್ವಿ, ಎಲ್ಲಾನೂ ಹಿಡಿಯೋಕೆ ಹೋದ್ರೆ ಒಂದೂ ಆಗಲ್ಲ ಅಂತ ವೃದ್ಧಾಶ್ರಮ ಒಂದನ್ನೇ ಹಿಡ್ಕೊಂಡಿದೀವಿ, ತಿಂಗಳ ಮೊದಲನೇ ಮತ್ತೆ ಮೂರನೇ ಶನಿವಾರ, ಸಲಕ್ಕೆ ನಾಲ್ಕೇ ಜನ. ಸ್ಕ್ರೈಬ್‌ಗೆ ಇಬ್ಬರು ಹುಡುಗೀರು ಹೆಸರು ಕೊಟ್ಟಿದ್ದಾರೆ. ಆಂಟಿ, ನೀವು ಹೇಳಿದ ಹಾಗೆ ಆಶ್ರಮಕ್ಕೆ ಫೋನ್ ಮಾಡಿ ಏನು ಬೇಕು ಅಂತ ಕೇಳ್ದೆ, ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ, ಆಮೇಲೆ ರಬ್ಬರ್ ಶೀಟ್ ಆರು ಬೇಕು ಅಂದ್ರು. ಆ ಅಜ್ಜಿ ಬಗ್ಗೆನೂ ವಿಚಾರಿಸ್ದೆ. ಇದ್ದಾರಂತೆ, ಕಣ್ಣು ಮಾತ್ರ ಈಗ ಅಷ್ಟು ಕಾಣಲ್ವಂತೆ. ರಬ್ಬರ್ ಶೀಟ್ ಮೈಸೂರಲ್ಲಿ ಹೋಲ್‌ಸೇಲ್ ಎಲ್ಲಿ ಸಿಗುತ್ತೆ ಅಂತ ಯಾರಿಗಾದ್ರೂ ಗೊತ್ತಿದ್ರೆ ಶನಿವಾರದೊಳಗೆ ಹೇಳಿ.