ಕ್ಯಾಂಪರ್ ಟ್ರೇಲರ್ ಛಾವಣಿ ಎತ್ತೋಕೆ ಗ್ಯಾಸ್ ಸ್ಟ್ರಟ್ ಸಾಕಾ?

ಪ್ರಶ್ನೆ: ಸರ್, ಮನೆಯಲ್ಲೇ ಸಣ್ಣ ಕ್ಯಾಂಪರ್ ಟ್ರೇಲರ್ (ಕಾರಿನ ಹಿಂದೆ ಎಳೆದೊಯ್ಯುವ, ಒಳಗೆ ಮಲಗಬಹುದಾದ ಗಾಡಿ) ಕಟ್ಟುತ್ತಿದ್ದೇನೆ. ಛಾವಣಿ 80 ಕೆಜಿ ಇದೆ. ನೇರವಾಗಿ 90 ಸೆಂ.ಮೀ. ಮೇಲೇಳಬೇಕು. ಮೂಲೆಗೊಂದು ಗ್ಯಾಸ್ ಸ್ಟ್ರಟ್ (ಒಳಗಿನ ಗ್ಯಾಸಿನ ಒತ್ತಡದಿಂದ ಚಾಚಿಕೊಂಡು ಭಾರ ಎತ್ತುವ ಕೊಳವೆ) ಹಾಕಿದರೆ ಸಾಕಲ್ವಾ?

ಉತ್ತರ: ಬರೀ ಸ್ಟ್ರಟ್ ನಂಬಬೇಡಿ. 80 ಕೆಜಿ ಅಂದರೆ ಸುಮಾರು 785 ನ್ಯೂಟನ್ ಬಲ. ನಾಲ್ಕು ಸ್ಟ್ರಟ್ ಸೇರಿ ಅಷ್ಟು ಭಾರ ಆರಾಮಾಗಿ ಎತ್ತುತ್ತವೆ. ತೊಂದರೆ ಇರುವುದು ಬೇರೆ ಕಡೆ. ಒಂದು ಮೂಲೆ ಸ್ವಲ್ಪ ಮುಂದೆ ಹೋದರೂ ಛಾವಣಿ ಓರೆಯಾಗುತ್ತದೆ. ಆಗ ಮೂಲೆಗಳಲ್ಲಿ ಛಾವಣಿಯನ್ನು ಹಿಡಿದಿರುವ, ಒಂದರೊಳಗೊಂದು ಜಾರುವ ಪೈಪುಗಳು ಕಚ್ಚಿಕೊಂಡು ನಿಂತುಬಿಡುತ್ತವೆ. ಚಳಿಗೆ ಗ್ಯಾಸಿನ ಒತ್ತಡವೂ ಇಳಿಯುತ್ತದೆ. 20 ಡಿಗ್ರಿಯಿಂದ 0ಗೆ ಬಂದರೆ ಸುಮಾರು 7% ಬಲ ಹೋಯಿತು. ಒಂದು ಬದಿಗೆ ಹಿಂಜ್ ಇರುವ ಛಾವಣಿಗಾದರೆ ಸ್ಟ್ರಟ್ ಒಳ್ಳೆಯದೇ.

ನೇರವಾಗಿ ಏಳುವುದಕ್ಕೆ ನನ್ನ ಆಯ್ಕೆ ವೈರ್ ರೋಪ್ (ಉಕ್ಕಿನ ತಂತಿಯ ಹಗ್ಗ) ಮತ್ತು ವಿಂಚ್ (ಹಿಡಿ ತಿರುಗಿಸಿ ಹಗ್ಗ ಎಳೆಯುವ ಸಾಧನ). ನಾಲ್ಕೂ ಮೂಲೆಯ ರೋಪುಗಳನ್ನು ಪುಲ್ಲಿ ಮೇಲಿಂದ ಟ್ರೇಲರಿನ ನೆಲದಡಿಗೆ ತಂದು ಒಂದೇ ಕಬ್ಬಿಣದ ಪಟ್ಟಿಗೆ ಕಟ್ಟಿ. ವಿಂಚ್ ಆ ಪಟ್ಟಿಯನ್ನು ಎಳೆಯಲಿ. ಪಟ್ಟಿ ಎಷ್ಟು ಜರುಗಿತೋ ನಾಲ್ಕೂ ಮೂಲೆ ಅಷ್ಟೇ ಏಳುತ್ತವೆ. ಪಟ್ಟಿ ಓರೆಯಾಗದಂತೆ ಹಳಿಯಲ್ಲಿ ಕೂರಿಸಿ. ಪ್ರತಿ ರೋಪಿಗೂ ಟರ್ನ್‌ಬಕಲ್ (ತಿರುಗಿಸಿದರೆ ರೋಪನ್ನು ಎಳೆದು ಬಿಗಿಸುವ ಕೊಂಡಿ) ಇರಲಿ, ಸಡಿಲಾದದ್ದನ್ನು ಬಿಗಿ ಮಾಡಲು. ಪುಲ್ಲಿಯಲ್ಲಿ ಜಿಪುಣತನ ಬೇಡ. 4 ಮಿ.ಮೀ. ರೋಪಿಗೆ 70 ಮಿ.ಮೀ. ಹತ್ತಿರದ ಪುಲ್ಲಿ ಹಾಕಿ. ಚಿಕ್ಕದಾದರೆ ರೋಪಿನ ಎಳೆಗಳು ಮಡಿಸಿ ಮಡಿಸಿ ಒಂದೊಂದಾಗಿ ತುಂಡಾಗುತ್ತವೆ. ಛಾವಣಿ ಪೂರ್ತಿ ಎದ್ದಾಗಲೂ ಒಳಗಿನ ಪೈಪಿನ 25–30 ಸೆಂ.ಮೀ. ಭಾಗ ಹೊರಗಿನ ಪೈಪಿನೊಳಗೇ ಉಳಿಯಬೇಕು, ಇಲ್ಲದಿದ್ದರೆ ಗಾಳಿಗೆ ಅಲ್ಲಾಡುತ್ತದೆ.

ಇನ್ನೊಬ್ಬರು: 12 ವೋಲ್ಟಿನ ನಾಲ್ಕು ಆಕ್ಚುಯೇಟರ್ (ಮೋಟಾರಿನಿಂದ ಚಾಚಿಕೊಳ್ಳುವ ದಂಡ) ಹಾಕಬಹುದಾ?

ಉತ್ತರ: ಹಾಕಬಹುದು. ಆದರೆ ಭಾರ ಜಾಸ್ತಿ ಬಿದ್ದದ್ದು ನಿಧಾನವಾಗುತ್ತದೆ. ಹಾಗಾಗಿ ಎಷ್ಟು ಚಾಚಿದೆ ಎಂದು ತಿಳಿಸುವ ಸೆನ್ಸರ್ ಇರುವುದನ್ನೇ ತಗೊಂಡು, ನಾಲ್ಕನ್ನೂ ಸರಿದೂಗಿಸುವ ಕಂಟ್ರೋಲರ್ ಹಾಕಬೇಕು. ಅದಕ್ಕಿಂತ ಮೂಲೆಗಳಲ್ಲಿ ಛಾವಣಿ ಎತ್ತುವ ನಾಲ್ಕು ಉದ್ದ ಸ್ಕ್ರೂಗಳಿಗೆ ಒಂದೇ ಚೈನ್ ಸುತ್ತಿ ಒಂದೇ ಮೋಟಾರಿನಿಂದ ತಿರುಗಿಸುವುದು ನನಗೆ ಇಷ್ಟ. ಕರೆಂಟ್ ಹೋದರೆ ಕೈಯಿಂದಲೂ ತಿರುಗಿಸಬಹುದು.

ಪ್ರಶ್ನೆ: ಸರ್, ವಿಂಚಿನ ಹಲ್ಲು ಸಿಕ್ಕಿಕೊಂಡು ನಿಲ್ಲುತ್ತದಲ್ಲ, ಬ್ರೇಕ್ ಬೇರೆ ಬೇಕಾ?

ಉತ್ತರ: ಬೇಕೇ ಬೇಕು. ಇಳಿಸುವಾಗ ಹಲ್ಲು ಬಿಡಿಸಲೇಬೇಕು. ಆ ಹೊತ್ತಿಗೆ ಹಿಡಿ ಕೈತಪ್ಪಿದರೆ ಗಿರ್ರನೆ ತಿರುಗಿ ಮಣಿಕಟ್ಟು ಮುರಿಯುತ್ತದೆ. ಇನ್ನೊಂದು ಮಾತು: ಛಾವಣಿ ಎತ್ತಿದ ಮೇಲೆ ನಾಲ್ಕೂ ಪೈಪಿಗೆ ಅಡ್ಡ ಪಿನ್ ತೂರಿಸಿ, ಭಾರವನ್ನು ಪಿನ್ ಮೇಲೆ ಇಳಿಸಿ. ಅಲ್ಲಿಯವರೆಗೆ ಯಾರೂ ಒಳಗೆ ತಲೆ ಹಾಕಬಾರದು, ಮಕ್ಕಳಂತೂ ಹತ್ತಿರವೂ ಬರಬಾರದು.